ತಪ್ಪು ಉತ್ತರ ಬರೆಯಲು ಕಲಿತದ್ದು

ಬಹು ಆಯ್ಕೆ ಪ್ರಶ್ನೆಗಳಿಗೆ ನಾನು ಕೈ ಹಾಕಿದ್ದು ಯಾವ ಘನ ಉದ್ದೇಶದಿಂದಲೂ ಅಲ್ಲ. ಪೇಪರ್ ತಿದ್ದಿ ತಿದ್ದಿ ಸಾಕಾಗಿತ್ತು, ಅಷ್ಟೇ. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಎರಡು ಸೆಕ್ಷನ್, ಒಟ್ಟು 70 ಮಕ್ಕಳು. ಒಂದು ಪೇಪರಿಗೆ 10 ನಿಮಿಷ ಅಂದರೂ ಸುಮಾರು 12 ಗಂಟೆ ಆಗುತ್ತದೆ. ತಿದ್ದಿ ಕೊಡುವಷ್ಟರಲ್ಲಿ ಮಕ್ಕಳು ಮುಂದಿನ ಪಾಠಕ್ಕೆ ಹೋಗಿರುತ್ತಿದ್ದರು. ಹಳೇ ತಪ್ಪು ಯಾರಿಗೆ ಬೇಕು? ಅಂಕ ನೋಡಿ ಪೇಪರ್ ಮಡಚಿ ಬ್ಯಾಗಿಗೆ ತುರುಕುತ್ತಿದ್ದರು.

ಈ ಬಗೆಯ ಪ್ರಶ್ನೆ ಹುಟ್ಟಿದ್ದೂ ಹೀಗೇ ಅಂತ ಆಮೇಲೆ ಓದಿದೆ. 1910ರ ದಶಕದಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ ಎಂಬುವರು ಓದುವ ಸಾಮರ್ಥ್ಯದ ಪರೀಕ್ಷೆಗೆ ಇಂಥ ಪ್ರಶ್ನೆ ಮಾಡಿದರಂತೆ. ಬೇಗ ತಿದ್ದಬೇಕು, ಯಾರು ತಿದ್ದಿದರೂ ಅದೇ ಅಂಕ ಬರಬೇಕು ಅನ್ನೋದು ಅವರ ಆಸೆ. ನನ್ನದು ಬರೀ ಮೊದಲನೆಯದು.

ಮೊದಲ ಪೇಪರನ್ನು ಒಂದೇ ಸಂಜೆ ಕೂತು ಬರೆದೆ. 20 ಪ್ರಶ್ನೆ, ತಲಾ 4 ಆಯ್ಕೆ. ಸರಿಯುತ್ತರ ಬರೆಯೋದು, ಪಕ್ಕದಲ್ಲಿ ಮೂರು ಸಂಖ್ಯೆ ಸುಮ್ನೆ ಹಾಕೋದು. ತಿದ್ದೋದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಖುಷಿಯೋ ಖುಷಿ. ಆದರೆ ಅಂಕಪಟ್ಟಿ ನೋಡಿದಾಗ ಏನೋ ಸರಿ ಇಲ್ಲ ಅನ್ನಿಸಿತು. ಹಿಂದಿನ ಪರೀಕ್ಷೆಯಲ್ಲಿ ಒಂದು ಸಮೀಕರಣವನ್ನೂ ಬಿಡಿಸದ ಹುಡುಗನಿಗೆ 15 ಬಂದಿತ್ತು. ಹೆಜ್ಜೆ ಹೆಜ್ಜೆಯಾಗಿ ಚೆಂದ ಬರೆಯುವ ಹುಡುಗಿಗೆ 13.

ನಕಲು ಅಂತ ನನ್ನ ಮೊದಲ ಅನುಮಾನ. ಹುಡುಗನನ್ನು ಕರೆದೆ. ವರ್ಗ ಸಮೀಕರಣದ ಪ್ರಶ್ನೆ ತೋರಿಸಿ, "ಇದನ್ನ ಹೇಗೋ ಮಾಡಿದೆ?" ಅಂದೆ.

"ಬಿಡಿಸಲಿಲ್ಲ ಮೇಡಂ. ನೀವೇ ಉತ್ತರ ಕೊಟ್ಟಿದ್ರಲ್ಲ, ಒಂದೊಂದಾಗಿ ಹಾಕಿ ನೋಡಿದೆ. ಸೊನ್ನೆ ಬಂದಿದ್ದಕ್ಕೆ ಟಿಕ್ ಮಾಡಿದೆ."

ಬೈಯೋದು ಹೇಗೆ? ಸಮೀಕರಣದ ಮೂಲ ಅಂದರೆ ಅದನ್ನು ಸೊನ್ನೆ ಮಾಡುವ ಬೆಲೆ ಅಂತ ಅವನಿಗೆ ಸರಿಯಾಗಿ ಗೊತ್ತಿತ್ತು. ಸಮೀಕರಣ ಬಿಡಿಸಲು ಬರುತ್ತದಾ ಅಂತ ಕೇಳಲು ಹೊರಟ ನಾನು, ಬೆಲೆ ಹಾಕಿ ನೋಡಲು ಬರುತ್ತದಾ ಅಂತ ಕೇಳಿ ಕೂತಿದ್ದೆ. ಆ ಹುಡುಗ ಇನ್ನೊಂದು ಗುಟ್ಟೂ ಬಿಟ್ಟುಕೊಟ್ಟ. ವಿಸ್ತೀರ್ಣದ ಪ್ರಶ್ನೆಯೊಂದಕ್ಕೆ ನಾನು ಕೊಟ್ಟ ಆಯ್ಕೆಗಳು ಹೀಗಿದ್ದವು: 12 ಸೆಂ.ಮೀ., 12 ಚದರ ಸೆಂ.ಮೀ., 24 ಚದರ ಸೆಂ.ಮೀ., 12 ಚದರ ಮೀ. ಪ್ರಶ್ನೆ ಓದದೆಯೇ ಉತ್ತರ ಹೇಳಬಹುದು ಅಂದ. 12 ಅನ್ನೋದು ಮೂರು ಕಡೆ ಇದೆ. ಚದರ ಅನ್ನೋದೂ ಮೂರು ಕಡೆ. ಸೆಂಟಿಮೀಟರ್ ಕೂಡ ಮೂರು ಕಡೆ. ಮೂರೂ ಸೇರಿರೋದು ಎರಡನೆಯದರಲ್ಲಿ ಮಾತ್ರ. "ಅಪ್ಪನ ಮುಖ ಮಕ್ಕಳಲ್ಲಿ ಕಾಣ್ತದಲ್ಲ ಮೇಡಂ, ಹಾಗೆ" ಅಂತ ನಕ್ಕ. ಹೌದು, ಸರಿಯುತ್ತರವನ್ನು ಒಂದೊಂದು ಕಡೆ ತಿರುಚಿಯೇ ನಾನು ಉಳಿದ ಮೂರನ್ನು ಮಾಡಿದ್ದೆ. ಆ ರಾತ್ರಿ ಕೀ ಉತ್ತರಗಳನ್ನು ಎಣಿಸಿದೆ. 20ರಲ್ಲಿ 9ಕ್ಕೆ ಸಿ ಸರಿಯುತ್ತರ! ಬಚ್ಚಿಡಬೇಕು ಅನ್ನುವ ಮನಸ್ಸು ತಾನಾಗಿಯೇ ಮಧ್ಯಕ್ಕೆ ಓಡುತ್ತದೆ. ಈಗ ಆಯ್ಕೆಗಳು ಸಂಖ್ಯೆಗಳಾಗಿದ್ದರೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಬಿಡುತ್ತೇನೆ. ನನ್ನ ಮನಸ್ಸಿಗೆ ಕೆಲಸವೇ ಇಲ್ಲ.

ಊಹೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಎಲ್ಲರೂ ಮೊದಲು ಕೇಳೋದು ಅದನ್ನೇ. 4 ಆಯ್ಕೆಯ 20 ಪ್ರಶ್ನೆಗೆ ಕಣ್ಣು ಮುಚ್ಚಿ ಟಿಕ್ ಮಾಡಿದರೆ ಸರಾಸರಿ 5 ಸರಿಯಾಗುತ್ತದೆ. ಹಾಗೇ ಮಾಡಿ 10 ಅಥವಾ ಅದಕ್ಕಿಂತ ಜಾಸ್ತಿ ಬರುವ ಸಂಭವನೀಯತೆ ಶೇಕಡಾ 1.4ರಷ್ಟು. ಅಂದರೆ ನನ್ನ 70 ಮಕ್ಕಳೂ ಕಣ್ಣು ಮುಚ್ಚಿ ಬರೆದರೆ ಒಬ್ಬರಿಗೆ ಹಾಗೆ ಒಲಿದೀತು. ಹಾಗಾಗಿ ಪೂರ್ತಿ ಕುರುಡು ಊಹೆ ನನ್ನ ತಲೆನೋವಲ್ಲ. ನಾನು ಕೊಟ್ಟ ಸತ್ತ ಆಯ್ಕೆಗಳೇ ತಲೆನೋವು. ಯಾರೂ ನಂಬದ ಎರಡು ಆಯ್ಕೆಗಳನ್ನು ಹೊಡೆದು ಹಾಕಿದರೆ ಉಳಿಯೋದು ಎರಡು. ಅಲ್ಲಿಂದ ಊಹಿಸಿದರೆ ಸರಾಸರಿಯೇ 10.

ಆಮೇಲೆ ನಾನು ಮಾಡಿದ ಕೆಲಸ ಸರಳವಾದದ್ದು. ಇವತ್ತಿಗೂ ಅದನ್ನೇ ಮಾಡುತ್ತೇನೆ. ಹೊಸ ಪ್ರಶ್ನೆಯನ್ನು ಮೊದಲು ಆಯ್ಕೆಗಳಿಲ್ಲದೆ ಕೊಡುತ್ತೇನೆ. ತರಗತಿಯ ಕೊನೆಯಲ್ಲಿ ಒಂದು ತುಂಡು ಕಾಗದ, 5 ನಿಮಿಷ, ಒಂದು ಲೆಕ್ಕ, ಹೆಸರು ಬೇಡ. ಬಂದ ತಪ್ಪುಗಳನ್ನು ಗುಂಪು ಮಾಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮುಂದಿನ ವರ್ಷದ ಆಯ್ಕೆಗಳು ಬರೋದು ಅಲ್ಲಿಂದ. ನಾನು ಕುರ್ಚಿಯಲ್ಲಿ ಕೂತು ಊಹಿಸುವ ತಪ್ಪಿಗೂ ಮಕ್ಕಳು ನಿಜವಾಗಿ ಮಾಡುವ ತಪ್ಪಿಗೂ ಅಜಗಜಾಂತರ.

ಆ ವರ್ಗ ಸಮೀಕರಣವನ್ನೇ ತೆಗೆದುಕೊಳ್ಳಿ: ಎಕ್ಸ್² − 7ಎಕ್ಸ್ + 12 = 0. ಮೂಲಗಳು ಯಾವುವು ಅಂತ ಕೇಳಿದರೆ ಆಯ್ಕೆಗಳನ್ನು ಹಾಕಿ ನೋಡಿ ಮುಗಿಸುತ್ತಾರೆ. ಮೂಲಗಳ ವರ್ಗಗಳ ಮೊತ್ತ ಎಷ್ಟು ಅಂತ ಕೇಳಿದೆ. ಈಗ ಹಾಕಿ ನೋಡಲು ಏನೂ ಇಲ್ಲ. ಉತ್ತರ 25. ಬಿಡಿಸಿ ಬಂದರೂ ಸರಿ, ಮೂಲಗಳ ಮೊತ್ತ 7, ಗುಣಲಬ್ಧ 12 ಅಂತ ಹಿಡಿದು 7ರ ವರ್ಗ 49ರಿಂದ 12ರ 2 ಪಟ್ಟು, ಅಂದರೆ 24 ಕಳೆದರೂ ಸರಿ. ತುಂಡು ಕಾಗದಗಳಲ್ಲಿ ಸಿಕ್ಕ ತಪ್ಪುಗಳು ಮೂರು. 49 ಬರೆದವರು ಮೊತ್ತವನ್ನೇ ವರ್ಗ ಮಾಡಿದ್ದರು. ಅವರ ಪ್ರಕಾರ (ಅ + ಬ)² ಅಂದರೆ ಅ² + ಬ². 37 ಬರೆದವರು ಗುಣಲಬ್ಧವನ್ನು ಒಂದೇ ಸಲ ಕಳೆದಿದ್ದರು, ಆ 2 ಮರೆತುಹೋಗಿತ್ತು. 73 ಬರೆದವರು ಕಳೆಯುವ ಬದಲು ಕೂಡಿದ್ದರು. ಈ ಮೂರನ್ನೇ ಆಯ್ಕೆ ಮಾಡಿದೆ. ಈಗ ಪರೀಕ್ಷೆ ಮುಗಿದ ಮೇಲೆ ಎಷ್ಟು ಮಂದಿ ಸರಿ ಅಂತ ಎಣಿಸುವ ಮೊದಲು, ಎಷ್ಟು ಮಂದಿ 49 ಅಂತ ಎಣಿಸುತ್ತೇನೆ. 20 ಮಂದಿ ಇದ್ದರೆ ಮರುದಿನ ಹೊಸ ಪಾಠ ಇಲ್ಲ. ಅ + ಬ ಬಾಹುವಿನ ಒಂದು ಚೌಕ ಬರೆದು, ಅದನ್ನು ಎರಡು ಚೌಕ, ಎರಡು ಆಯತ ಅಂತ ನಾಲ್ಕು ತುಂಡು ಮಾಡಿ, ಆ ಎರಡು ಆಯತಗಳು ಎಲ್ಲಿ ಹೋದವು ಅಂತ ಕೇಳೋದೇ ಪಾಠ.

ಎಲ್ಲದಕ್ಕೂ ಮೂರು ಒಳ್ಳೇ ತಪ್ಪು ಸಿಗೋದಿಲ್ಲ. ಎರಡೇ ಸಿಕ್ಕರೆ ಎರಡೇ ಹಾಕುತ್ತೇನೆ, ಒಟ್ಟು ಮೂರು ಆಯ್ಕೆ. ಮೊದಲು ಇದಕ್ಕೆ ಹಿಂಜರಿಕೆ ಇತ್ತು. 2005ರಲ್ಲಿ ಮೈಕೆಲ್ ರಾಡ್ರಿಗಸ್ ಅನ್ನುವ ಸಂಶೋಧಕರು 80 ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿ ಮೂರು ಆಯ್ಕೆಯೇ ಸಾಕು ಅಂತ ಬರೆದಿದ್ದಾರೆ ಎಂದು ತಿಳಿದ ಮೇಲೆ ಧೈರ್ಯ ಬಂತು. 'ಇವು ಯಾವುವೂ ಅಲ್ಲ' ಅನ್ನೋದನ್ನು ಪೂರ್ತಿ ಬಿಟ್ಟಿದ್ದೇನೆ. ಅದನ್ನು ಟಿಕ್ ಮಾಡಿದ ಮಗುವಿಗೆ ಉತ್ತರ ಗೊತ್ತೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು?

ಒಂದು ಮುಜುಗರದ ಕತೆಯೂ ಇದೆ. ಸೈನ್ 45° ಎಷ್ಟು ಅಂತ ಕೇಳಿದ್ದೆ. ಬಿ: 1/√2. ಡಿ: √2/2. ಪರೀಕ್ಷೆ ಶುರುವಾಗಿ 10 ನಿಮಿಷಕ್ಕೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮೇಡಂ, ಬಿ, ಡಿ ಎರಡೂ ಒಂದೇ ಅಲ್ವಾ?" ಅವಸರದಲ್ಲಿ √2 ಅನ್ನು ಮೇಲೆ ಕೆಳಗೆ ಮಾಡಿ 'ತಪ್ಪು' ಉತ್ತರ ತಯಾರಿಸಿದ್ದೆ. ಅವಳಿಗೆ ಥ್ಯಾಂಕ್ಸ್ ಹೇಳಿ ಎರಡಕ್ಕೂ ಅಂಕ ಕೊಟ್ಟೆ. ಅಂದಿನಿಂದ ಪ್ರಿಂಟಿಗೆ ಕೊಡುವ ಮೊದಲು ಒಂದು ದಿನ ಬಿಟ್ಟು, ಕೀ ನೋಡದೆ, ನಾನೇ ಪರೀಕ್ಷೆ ಬರೆಯುತ್ತೇನೆ. ನನಗೇ 20ಕ್ಕೆ 19 ಬಂದದ್ದೂ ಉಂಟು.

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಬೇರೆ ಥರದ್ದು. ಅದರಲ್ಲಿ ಲೆಕ್ಕವನ್ನು ನಾನೇ ಬಿಡಿಸಿ ಕೊಡುತ್ತೇನೆ, ತಪ್ಪಾಗಿ. ಮೊದಲು ತಪ್ಪಿದ ಸಾಲು ಯಾವುದು ಅಂತ ಮಕ್ಕಳು ಹೇಳಬೇಕು. ಒಂದು ಹೀಗಿತ್ತು:

ಸಾಲು 1: (ಎಕ್ಸ್ − 2)(ಎಕ್ಸ್ + 1) = 4
ಸಾಲು 2: ಎಕ್ಸ್ − 2 = 4 ಅಥವಾ ಎಕ್ಸ್ + 1 = 4
ಸಾಲು 3: ಎಕ್ಸ್ = 6 ಅಥವಾ ಎಕ್ಸ್ = 3

ಅರ್ಧ ತರಗತಿಗೆ ಇದರಲ್ಲಿ ತಪ್ಪೇ ಕಾಣಲಿಲ್ಲ. ಬಲಗಡೆ ಸೊನ್ನೆ ಇದ್ದರೆ ಮಾತ್ರ ಹಾಗೆ ಬಿಡಿಸಬಹುದು ಅನ್ನೋದು ಬಾಯಿಪಾಠವಾಗಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಒಬ್ಬ ವಾದಕ್ಕೇ ನಿಂತ. "3 ಹಾಕಿದ್ರೆ ಸರಿಯಾಗ್ತದಲ್ಲ ಮೇಡಂ? 1 ಗುಣಿಸು 4, ನಾಲ್ಕೇ ಬಂತು." ನಿಜ! ಸರಿಯಾದ ಮೂಲಗಳು 3 ಮತ್ತು −2. ತಪ್ಪು ದಾರಿಯಲ್ಲಿ ಹೋದರೂ 3 ಸಿಕ್ಕಿಬಿಟ್ಟಿತ್ತು. ನಿಜ ಹೇಳಬೇಕೆಂದರೆ ಪ್ರಶ್ನೆ ಬರೆಯುವಾಗ ನಾನೂ ಇದನ್ನು ಗಮನಿಸಿರಲಿಲ್ಲ. "ಹಾಗಾದರೆ 6 ಹಾಕಿ ನೋಡು" ಅಂದೆ. 4 ಗುಣಿಸು 7, 28. ಅವನು ಸುಮ್ಮನಾದ, ಆದರೆ ಪಕ್ಕದ ಬೆಂಚಿನಿಂದ ಶುರುವಾಯಿತು: ಗುಣಲಬ್ಧ 4 ಆಗೋಕೆ 1 ಮತ್ತು 4 ಆಗಬಹುದು, 2 ಮತ್ತು 2 ಆಗಬಹುದು, ಅರ್ಧ ಮತ್ತು 8 ಕೂಡ ಆಗಬಹುದು. ಸೊನ್ನೆಗಾದರೆ ಎರಡರಲ್ಲಿ ಒಂದು ಸೊನ್ನೆ ಆಗಲೇಬೇಕು. ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಹೇಳಿದ್ದು ಅಂದು ಅವರ ಬಾಯಲ್ಲೇ ಬಂತು. ಟಿಕ್ ಮಾಡುವ ಪ್ರಶ್ನೆಯೊಂದು ಇಡೀ ಪೀರಿಯಡ್ ತಿಂದುಹಾಕಿತು.

ಫಲಿತಾಂಶ ನೋಡುವ ರೀತಿಯೂ ಬದಲಾಗಿದೆ. ಒಟ್ಟು ಅಂಕದ ಮೇಲೆ ಪೇಪರ್‌ಗಳನ್ನು ಜೋಡಿಸಿ, ಮೇಲಿನ ಮೂರನೇ ಒಂದು ಭಾಗ, ಕೆಳಗಿನ ಮೂರನೇ ಒಂದು ಭಾಗ ಬೇರೆ ಮಾಡುತ್ತೇನೆ. ಪ್ರತಿ ಪ್ರಶ್ನೆಯನ್ನು ಎರಡೂ ಗುಂಪಿನಲ್ಲಿ ಎಷ್ಟು ಮಂದಿ ಸರಿ ಮಾಡಿದ್ದಾರೆ ಅಂತ ಎಣಿಸಬೇಕು. ಮೇಲಿನವರು ಜಾಸ್ತಿ ಮಂದಿ ಸರಿ ಇರಬೇಕು. ಇಲ್ಲದಿದ್ದರೆ ಪ್ರಶ್ನೆಯಲ್ಲೇ ಏನೋ ಎಡವಟ್ಟು. ಒಮ್ಮೆ √16 ಎಷ್ಟು ಅಂತ ಕೇಳಿದ್ದಕ್ಕೆ ಕೆಳಗಿನ ಗುಂಪು ಗೆದ್ದಿತು. ಅವರು ಹಿಂದೆ ಮುಂದೆ ನೋಡದೆ 4 ಅಂದಿದ್ದರು. ಓದುವ ಮಕ್ಕಳು ±4ಕ್ಕೆ ಹೋಗಿದ್ದರು, ಎಕ್ಸ್² = 16ರ ನೆನಪಿನಲ್ಲಿ. √ ಚಿಹ್ನೆಗೆ ಧನ ವರ್ಗಮೂಲ ಮಾತ್ರ ಅಂತ ಅರ್ಥ ಅನ್ನೋದನ್ನು ನಾನೇ ಒತ್ತಿ ಹೇಳಿರಲಿಲ್ಲ. ಆ ಪ್ರಶ್ನೆಯನ್ನು ತೆಗೆಯಲಿಲ್ಲ, ಅಂಕ ಮಾತ್ರ ಎಣಿಸಲಿಲ್ಲ.

ನೆಗೆಟಿವ್ ಮಾರ್ಕ್ಸ್ ಒಂದು ಸಲ ಪ್ರಯತ್ನಿಸಿ ಕೈಬಿಟ್ಟೆ. 4 ಆಯ್ಕೆ ಇದ್ದಾಗ ತಪ್ಪಿಗೆ ಅಂಕದ ಮೂರನೇ ಒಂದು ಭಾಗ ಕಳೆದರೆ ಕುರುಡು ಊಹೆಯ ಸರಾಸರಿ ಲಾಭ ಸೊನ್ನೆ. ಕಾಗದದ ಮೇಲೆ ನ್ಯಾಯ. ತರಗತಿಯಲ್ಲಿ ಆದದ್ದೇ ಬೇರೆ. ಧೈರ್ಯದ ಮಕ್ಕಳು ಬರೆದರು, ಅಂಜುವ ಮಕ್ಕಳು ಗೊತ್ತಿದ್ದದ್ದನ್ನೂ ಖಾಲಿ ಬಿಟ್ಟರು. ನಾನು ಅಳೆಯಬೇಕಾಗಿದ್ದದ್ದು ಧೈರ್ಯವನ್ನಲ್ಲ. ಅದರ ಬದಲು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಟೋನಿ ಗಾರ್ಡನರ್-ಮೆಡ್ವಿನ್ ರೂಪಿಸಿದ ಪದ್ಧತಿಯನ್ನು ಅಭ್ಯಾಸಕ್ಕೆ ಮಾತ್ರ ಬಳಸುತ್ತೇನೆ. ಉತ್ತರದ ಜೊತೆ ನಿನಗೆಷ್ಟು ನಂಬಿಕೆ ಅಂತಲೂ ಬರೆಯಬೇಕು: 1, 2 ಅಥವಾ 3. ಸರಿಯಾದರೆ ಅಷ್ಟೇ ಅಂಕ. ತಪ್ಪಾದರೆ 0, −2, −6. ಲೆಕ್ಕ ಹಾಕಿದರೆ ಶೇಕಡಾ 80ಕ್ಕಿಂತ ಜಾಸ್ತಿ ಭರವಸೆ ಇದ್ದಾಗ ಮಾತ್ರ 3 ಬರೆಯೋದು ಲಾಭ. ಮಕ್ಕಳಿಗೆ ಇದು ಆಟದ ಹಾಗೆ. ನನ್ನ ಕಣ್ಣು ಮಾತ್ರ 3 ಬರೆದು ತಪ್ಪಿದವರ ಮೇಲೆ. ಗೊತ್ತಿಲ್ಲದವರಿಗೆ ಕಲಿಸಬಹುದು. ತಪ್ಪನ್ನೇ ಗಟ್ಟಿಯಾಗಿ ನಂಬಿದವರ ಜೊತೆ ಮೊದಲು ಆ ನಂಬಿಕೆಯನ್ನು ಬಿಡಿಸುವ ಕೆಲಸ.

ಮತ್ತೆ ಸಮಯ ಉಳಿಯಿತಾ ಅಂತ ಕೇಳಿದರೆ, ಇಲ್ಲ. ತಿದ್ದುವ ಗಂಟೆಗಳು ಪ್ರಶ್ನೆ ಬರೆಯುವ ಗಂಟೆಗಳಾದವು. ಒಳ್ಳೇ ಪ್ರಶ್ನೆಯೊಂದಕ್ಕೆ ಕೆಲವೊಮ್ಮೆ ಅರ್ಧ ಗಂಟೆ ಬೇಕು. ಒಮ್ಮೆ ಬರೆದರೆ ಮೂರು ನಾಲ್ಕು ವರ್ಷ ಬಾಳುತ್ತದೆ ಅನ್ನೋದಷ್ಟೇ ಸಮಾಧಾನ. ಬೀಜಗಣಿತ, ಭಿನ್ನರಾಶಿ, ಅಸಮಾನತೆಗಳಿಗೆ ನನ್ನ ನೋಟ್‌ಬುಕ್ ತುಂಬಿದೆ. ರೇಖಾಗಣಿತದ ಸಾಧನೆಗಳಿಗೆ, ಅಂದರೆ ಪ್ರಮೇಯವನ್ನು ಹೆಜ್ಜೆ ಹೆಜ್ಜೆಯಾಗಿ ಸಾಧಿಸಿ ತೋರಿಸುವ ಪ್ರಶ್ನೆಗಳಿಗೆ ಮಾತ್ರ ಪುಟಗಳು ಖಾಲಿ. ಸಾಲುಗಳನ್ನು ಕಲಸಿ ಕೊಟ್ಟು ಸರಿಯಾದ ಕ್ರಮ ಯಾವುದು ಅಂತ ಕೇಳಿದೆ. 'ಆದ್ದರಿಂದ' ಇರುವ ಸಾಲನ್ನು ಕೊನೆಗೆ ಹಾಕಿ ಗೆದ್ದರು. ಕಾರಣ ಬಿಟ್ಟು ಹೇಳಿಕೆ ಕೊಟ್ಟೆ. ಪಠ್ಯದ ನುಡಿಗಟ್ಟಿಗೆ ಹೊಂದುವುದನ್ನು ಹುಡುಕಿ ಟಿಕ್ ಮಾಡಿದರು. ಖಾಲಿ ಹಾಳೆಯ ಮುಂದೆ ಕೂತು ಮೊದಲ ಗೆರೆ ಎಲ್ಲಿ ಎಳೆಯಲಿ ಅಂತ ಯೋಚಿಸುವ ಹುಡುಗಿಯನ್ನು ನಾಲ್ಕು ಆಯ್ಕೆಗಳಲ್ಲಿ ಹಿಡಿಯಲು ನನಗೆ ಇನ್ನೂ ಬಂದಿಲ್ಲ. ಹಾಗಾಗಿ ಪ್ರತಿ ಪೇಪರಿನ ಕೊನೆಯಲ್ಲಿ ಎರಡು ಸಾಧನೆಗಳು ಇದ್ದೇ ಇರುತ್ತವೆ. ಈ ತಿಂಗಳಿನವು ಮೇಜಿನ ಮೇಲೆ ಕೂತಿವೆ, 70 ಪೇಪರ್. ಇನ್ನೂ ಕೆಂಪು ಪೆನ್ನಿನ ಮುಚ್ಚಳ ತೆಗೆದಿಲ್ಲ.