ಚಳಿಗಾಲಕ್ಕೆ ಕ್ಯಾಂಪರ್ ನಿಲ್ಲಿಸುವ ಮುನ್ನ: ಲಿಥಿಯಂ ಬ್ಯಾಟರಿ ಎತ್ತಿಡುವ ಬಗೆ

ಕೊರೆಯುವ ಚಳಿ ಬೀಳುವ ಕಡೆ, ಒಳಗೇ ಮಲಗಿ ಅಡುಗೆ ಮಾಡಿಕೊಂಡು ಊರು ಸುತ್ತುವ ಕ್ಯಾಂಪರ್ ವ್ಯಾನ್ ವರ್ಷದಲ್ಲಿ ನಾಲ್ಕೈದು ತಿಂಗಳು ನಿಂತಲ್ಲೇ ನಿಂತಿರುತ್ತದೆ. ನಿಲ್ಲಿಸುವ ಮುಂಚೆ ನೀರಿನ ಟ್ಯಾಂಕ್ ಬರಿದು ಮಾಡುವುದನ್ನು, ಗ್ಯಾಸ್ ಬಂದ್ ಮಾಡುವುದನ್ನು ಸಾಮಾನ್ಯವಾಗಿ ಯಾರೂ ಮರೆಯುವುದಿಲ್ಲ. ಬ್ಯಾಟರಿಯ ಸರದಿ ಬಂದಾಗ ಮಾತ್ರ, ಸ್ವಿಚ್ ಆಫ್ ಮಾಡಿದೆನಲ್ಲ, ಇನ್ನೇನು ಎಂದು ಬಾಗಿಲು ಹಾಕಿಕೊಂಡು ಹೋಗುವವರೇ ಹೆಚ್ಚು. ಚಳಿ ಕಳೆದ ಮೇಲೆ ಬಂದು ನೋಡಿದರೆ ಮೀಟರ್ ಸೊನ್ನೆ ತೋರಿಸುತ್ತದೆ. ಆಗ ಬೈಗುಳ ಬೀಳುವುದು ಚಳಿಗೆ.

ತಪ್ಪು ಚಳಿಯದ್ದಲ್ಲ. ಕ್ಯಾಂಪರ್‌ಗಳಲ್ಲಿ ಒಳಗಿನ ದೀಪ, ಫ್ರಿಜ್ಜಿಗೆಂದು ಈಗ ಹೆಚ್ಚಾಗಿ ಬಳಸುವ 12 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮ್ಮನೆ ಇದ್ದರೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ಅದನ್ನು ಹಾಳು ಮಾಡುವುದು ಎರಡು ಸಂಗತಿ. ಒಂದು, ಯಾರಿಗೂ ಕಾಣದಂತೆ ದಿನವೂ ತೊಟ್ಟು ತೊಟ್ಟಾಗಿ ಸೋರುವ ಕರೆಂಟ್. ಇನ್ನೊಂದು, ಹೆಪ್ಪುಗಟ್ಟುವ ಚಳಿಯಲ್ಲಿ ಬ್ಯಾಟರಿಗೆ ಹರಿಯುವ ಚಾರ್ಜ್. ಕೆಳಗೆ ಹೇಳಿರುವ ಕೆಲಸಗಳೆಲ್ಲ ಈ ಎರಡನ್ನು ತಡೆಯಲಿಕ್ಕೆ.

ಆಸಿಡ್ ಬ್ಯಾಟರಿಯ ಅಭ್ಯಾಸ ಇಲ್ಲಿ ಬೇಡ

ಹಳೆಯ ಲೆಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಸಣ್ಣ ಚಾರ್ಜರ್ ಸದಾ ಹಚ್ಚಿಟ್ಟು ಕಾಪಾಡುತ್ತಿದ್ದೆವು. ಅದು ಸರಿಯಾದ ಕ್ರಮವೇ ಆಗಿತ್ತು. ಚಾರ್ಜ್ ಇಳಿದು ಕೂತರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಒಳಗಿನ ಆಸಿಡ್ ನೀರಾಗಿ ಹೆಪ್ಪುಗಟ್ಟಿ ಡಬ್ಬಿಯೇ ಸೀಳಬಹುದು.

ಲಿಥಿಯಂನ ಸ್ವಭಾವ ಇದಕ್ಕೆ ತದ್ವಿರುದ್ಧ. ತಿಂಗಳುಗಟ್ಟಲೆ ಪೂರ್ತಿ ತುಂಬಿ ಕೂತರೆ ಒಳಗಿನ ದ್ರಾವಣ ನಿಧಾನವಾಗಿ ಕೆಡುತ್ತ, ಬ್ಯಾಟರಿಯ ಸಾಮರ್ಥ್ಯ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಜಾಗ ಬಿಸಿಯಾಗಿದ್ದಷ್ಟೂ ಈ ಕೆಡುಕು ಬೇಗ. ಹಾಗೆಂದು ಖಾಲಿ ಬಿಡುವಂತೆಯೂ ಇಲ್ಲ. ಅರ್ಧ ತುಂಬಿದ ಸ್ಥಿತಿ, ಅಂದರೆ ಶೇ. 50ರಿಂದ 60, ಅದಕ್ಕೆ ಹಿತ. ಕೆಲವು ತಯಾರಕರು ಪೂರ್ತಿ ತುಂಬಿಸಿಯೇ ಇಡಿ ಎನ್ನುತ್ತಾರೆ. ನಿಮ್ಮ ಬ್ಯಾಟರಿಯ ಕೈಪಿಡಿಯಲ್ಲಿ ಹಾಗಿದ್ದರೆ ಅದನ್ನೇ ಪಾಲಿಸಿ. ವಾರಂಟಿ ನಿಂತಿರುವುದು ಆ ಕೈಪಿಡಿಯ ಮೇಲೆ; ಮೇಲಾಗಿ ತಂಪು ಜಾಗದಲ್ಲಿ ಪೂರ್ತಿ ಚಾರ್ಜ್‌ನಿಂದಾಗುವ ನಷ್ಟ ದೊಡ್ಡದೇನಲ್ಲ.

ಹಂತ 1: ಒಮ್ಮೆ ಪೂರ್ತಿ ತುಂಬಿಸಿ

ಅರ್ಧಕ್ಕೆ ತರುವ ಮುಂಚೆ ಒಂದು ಸಲ ಪೂರ್ತಿ ಚಾರ್ಜ್ ಮಾಡಬೇಕು. ಬ್ಯಾಟರಿಯೊಳಗೆ 3.2 ವೋಲ್ಟಿನ ನಾಲ್ಕು ಸೆಲ್‌ಗಳು ಸಾಲಾಗಿವೆ. ಬಳಸುತ್ತ ಬಳಸುತ್ತ ಅವುಗಳ ನಡುವೆ ಏರುಪೇರಾಗುತ್ತದೆ. ಆ ಏರುಪೇರನ್ನು ಸರಿದೂಗಿಸುವ ಕೆಲಸ ಬ್ಯಾಟರಿಯ ಕಾವಲುಗಾರನಾದ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ) ಎಂಬ ಒಳಗಿನ ಸರ್ಕ್ಯೂಟ್‌ನದು. ಬಹುಪಾಲು ಬಿಎಂಎಸ್‌ಗಳು ಇದನ್ನು ಮಾಡುವುದು ಚಾರ್ಜ್ ತುದಿ ಮುಟ್ಟಿದಾಗ ಮಾತ್ರ. ಹಾಗಾಗಿ ಚಾರ್ಜರ್‌ನ ಲಿಥಿಯಂ ಮೋಡ್‌ನಲ್ಲಿ 14.2ರಿಂದ 14.6 ವೋಲ್ಟ್‌ವರೆಗೆ, ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ, ಏರಿಸಿ ಒಂದೆರಡು ಗಂಟೆ ಹಾಗೇ ಬಿಡಿ. ಈ ಕೆಲಸ ಚಳಿ ಬೀಳುವ ಮುಂಚೆಯೇ ಮುಗಿಯಬೇಕು.

ಹಂತ 2: ಅರ್ಧಕ್ಕೆ ಇಳಿಸಿ

ಒಳಹೋದ, ಹೊರಬಂದ ಕರೆಂಟನ್ನು ಎಣಿಸಿ ಉಳಿದದ್ದನ್ನು ಶೇಕಡಾವಾರು ತೋರಿಸುವ ಷಂಟ್ ಮೀಟರನ್ನು ಬ್ಯಾಟರಿಗೆ ಹಾಕಿದ್ದರೆ ಕೆಲಸ ಸುಲಭ. ಫ್ರಿಜ್ಜೋ ಫ್ಯಾನೋ ಹಚ್ಚಿಟ್ಟು ಶೇ. 55ಕ್ಕೆ ಬಂದಾಗ ನಿಲ್ಲಿಸಿ. ಮೀಟರ್ ಇಲ್ಲದಿದ್ದರೆ ಲೆಕ್ಕ ಹಾಕಿ. 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಸುಮಾರು 1280 ವ್ಯಾಟ್ ಅವರ್ ಇರುತ್ತದೆ. 60 ವ್ಯಾಟಿನ ಸಾಧನವನ್ನು 12 ವೋಲ್ಟಿನಲ್ಲೇ ನೇರವಾಗಿ ಹತ್ತು ಗಂಟೆ ಓಡಿಸಿದರೆ 600 ವ್ಯಾಟ್ ಅವರ್ ಖರ್ಚಾಗಿ, ಅರ್ಧಕ್ಕಿಂತ ತುಸು ಹೆಚ್ಚು ಉಳಿಯುತ್ತದೆ. ಇನ್ವರ್ಟರ್ ಮೂಲಕ ಓಡಿಸಿದರೆ ಇನ್ವರ್ಟರ್ ಕೂಡ ತನ್ನ ಪಾಲು ತಿನ್ನುವುದರಿಂದ ಒಂದು ಗಂಟೆ ಮುಂಚೆಯೇ ನಿಲ್ಲಿಸಿ.

ಬರೀ ವೋಲ್ಟ್ ನೋಡಿ ಶೇಕಡಾವಾರು ಊಹಿಸಲು ಹೋಗಬೇಡಿ. ಲೆಡ್ ಆಸಿಡ್‌ಗೆ ಆ ಉಪಾಯ ನಡೆಯುತ್ತದೆ, ಇದಕ್ಕೆ ನಡೆಯದು. ಶೇ. 40ಕ್ಕೂ 70ಕ್ಕೂ ನಡುವಿನ ವ್ಯತ್ಯಾಸ 0.1 ವೋಲ್ಟ್‌ನಷ್ಟು ಮಾತ್ರ. ಅಗ್ಗದ ಮಲ್ಟಿಮೀಟರ್‌ನ ತಪ್ಪೇ ಅಷ್ಟಿರಬಹುದು. ಲೋಡ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆದಾಗ 13.1 ಅಥವಾ 13.2 ಬಂದರೆ ನೀವು ಬೇಕಾದ ಜಾಗದಲ್ಲಿದ್ದೀರಿ ಎಂದಷ್ಟೇ ಗೊತ್ತಾಗುತ್ತದೆ. ಅಷ್ಟು ಸಾಕು.

ಹಂತ 3: ಸೋರಿಕೆ ಎಲ್ಲಿದೆ ನೋಡಿ

ಬ್ಯಾಟರಿಗಳು ಅಕಾಲದಲ್ಲಿ ಸಾಯುವುದು ಹೆಚ್ಚಾಗಿ ಇಲ್ಲೇ ಆದ್ದರಿಂದ ಈ ಹಂತಕ್ಕೆ ಸಮಯ ಕೊಡಿ. ಲಿಥಿಯಂ ಬ್ಯಾಟರಿ ತಾನಾಗಿ ಕಳೆದುಕೊಳ್ಳುವುದು ತಿಂಗಳಿಗೆ ಶೇ. 2–3. ಅರ್ಧ ತುಂಬಿಸಿ ಐದು ತಿಂಗಳು ಇಟ್ಟರೂ ಶೇ. 35ಕ್ಕೆ ಕಡಿಮೆಯಿಲ್ಲದಷ್ಟು ಉಳಿಯಬೇಕು. ಆದರೂ ಸೊನ್ನೆಯಾಗುತ್ತದೆ ಎಂದರೆ ಹೊರಗೆ ಏನೋ ಕುಡಿಯುತ್ತಿದೆ.

ಗ್ಯಾಸ್ ಸೋರಿಕೆಯ ಅಲಾರಂ, ಯುಎಸ್‌ಬಿ ಸಾಕೆಟ್‌ನ ಪುಟ್ಟ ದೀಪ, ಸ್ಟಿರಿಯೊದ ನೆನಪು ಕಾಯುವ ತಂತಿ, ಫ್ರಿಜ್‌ನ ಕಂಟ್ರೋಲ್ ಬೋರ್ಡ್, ವಾಹನ ಎಲ್ಲಿದೆಯೆಂದು ಹೇಳುವ ಟ್ರ್ಯಾಕರ್, ಸೋಲಾರ್ ಕಂಟ್ರೋಲರ್, ಸ್ಟ್ಯಾಂಡ್‌ಬೈನಲ್ಲಿರುವ ಇನ್ವರ್ಟರ್: ಒಂದೊಂದೂ ನೋಡಲು ಏನೂ ಅಲ್ಲ. ಎಲ್ಲ ಸೇರಿ 50 ಮಿಲಿ ಆಂಪಿಯರ್ ಎಂದಿಟ್ಟುಕೊಳ್ಳಿ. ದಿನಕ್ಕೆ 1.2 ಆಂಪಿಯರ್ ಅವರ್ ಆಯಿತು. ಬ್ಯಾಟರಿಯಲ್ಲಿ ಉಳಿಸಿದ್ದ 50 ಆಂಪಿಯರ್ ಅವರ್ ಆರು ವಾರದೊಳಗೆ ಖಾಲಿ. ಚಳಿಗಾಲ ಇನ್ನೂ ಅರ್ಧ ಕಳೆದಿರುವುದಿಲ್ಲ!

ಮುಖ್ಯ ಸ್ವಿಚ್ ಆಫ್ ಮಾಡಿದರೆ ಇವೆಲ್ಲ ನಿಲ್ಲುತ್ತವೆ ಎಂದು ನಂಬಬೇಡಿ. ಗ್ಯಾಸ್ ಅಲಾರಂ, ಟ್ರ್ಯಾಕರ್‌ನಂಥವನ್ನು ಎಷ್ಟೋ ವಾಹನಗಳಲ್ಲಿ ಸ್ವಿಚ್ಚಿನಾಚೆ, ನೇರ ಬ್ಯಾಟರಿಗೇ ಜೋಡಿಸಿರುತ್ತಾರೆ. ಪರೀಕ್ಷಿಸುವುದು ಹೀಗೆ: ಎಲ್ಲವನ್ನೂ ಆಫ್ ಮಾಡಿ, ಇನ್ವರ್ಟರ್‌ನ ಫ್ಯೂಸ್ ತೆಗೆದು, ಸೋಲಾರನ್ನೂ ಬೇರ್ಪಡಿಸಿ. ಮಲ್ಟಿಮೀಟರನ್ನು 10 ಆಂಪಿಯರ್ ಜಾಗಕ್ಕೆ ಹಾಕಿ, ನೆಗೆಟಿವ್ ಕೇಬಲ್ ಕಳಚಿ, ಕೇಬಲ್‌ಗೂ ಟರ್ಮಿನಲ್‌ಗೂ ನಡುವೆ ಮೀಟರ್ ಬರುವಂತೆ ಹಿಡಿಯಿರಿ. ಕೆಲವೇ ಮಿಲಿ ಆಂಪಿಯರ್ ತೋರಿಸಿದರೆ ಚಿಂತೆಯಿಲ್ಲ. ಹತ್ತಾರು ತೋರಿಸಿದರೆ ಒಂದೊಂದೇ ಫ್ಯೂಸ್ ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಇಳಿಯಿತೋ ಅಲ್ಲಿದೆ ಕಳ್ಳ. ಮೀಟರ್ ಹಿಡಿದಿರುವಾಗ ಪಂಪು, ಹೀಟರ್ ಯಾವುದನ್ನೂ ಹಚ್ಚಬೇಡಿ, ಮೀಟರ್‌ನ ಫ್ಯೂಸ್ ಸುಟ್ಟುಹೋಗುತ್ತದೆ.

ಹಂತ 4: ಕಳಚುವ ಕ್ರಮ

ಮೊದಲು ಸೋಲಾರ್ ಪ್ಯಾನೆಲ್, ಆಮೇಲೆ ಬ್ಯಾಟರಿ. ಪ್ಯಾನೆಲ್ ಇನ್ನೂ ಕರೆಂಟ್ ಕೊಡುತ್ತಿರುವಾಗ ಬ್ಯಾಟರಿ ತೆಗೆದರೆ ಕಂಟ್ರೋಲರ್ ಹಾಳಾಗುವ ಅಪಾಯವಿದೆ. ಪ್ಯಾನೆಲ್‌ಗೆ ಸ್ವಿಚ್ ಇಲ್ಲದಿದ್ದರೆ ದಪ್ಪ ಬಟ್ಟೆ ಮುಚ್ಚಿ, ನಂತರ ಅದರ ತಂತಿಗಳನ್ನು ಬಿಚ್ಚಿ. ಮನೆ ಕರೆಂಟಿನ ಚಾರ್ಜರ್ ಪ್ಲಗ್ ಕೂಡ ಹೊರಗೆ.

ಬ್ಯಾಟರಿಯಲ್ಲಿ ಮೊದಲು ನೆಗೆಟಿವ್ ಬಿಚ್ಚಿ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಜಾರಿ ವಾಹನದ ಲೋಹಕ್ಕೆ ತಾಗಿದರೂ ಆಗ ಏನೂ ಆಗುವುದಿಲ್ಲ. ಕ್ರಮ ತಪ್ಪಿದರೆ ನೂರಾರು ಆಂಪಿಯರ್ ಆ ಸ್ಪ್ಯಾನರ್ ಮೂಲಕವೇ ಹರಿಯುತ್ತದೆ. ಸ್ಪ್ಯಾನರ್‌ನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಕೈಯ ಉಂಗುರ ತೆಗೆದಿಡಿ. ತಂತಿಗಳು ಹೇಗಿದ್ದವೋ ಹಾಗೇ ಫೋಟೊ ತೆಗೆದು, ಪ್ರತಿಯೊಂದಕ್ಕೂ ಚೀಟಿ ಅಂಟಿಸಿ. ಐದು ತಿಂಗಳ ನಂತರ ನೆನಪು ಕೈಕೊಡುತ್ತದೆ. ಎರಡೂ ಟರ್ಮಿನಲ್‌ಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಅಥವಾ ಟೇಪ್ ಸುತ್ತಿ.

ಹಂತ 5: ಇಡುವ ಜಾಗ

100 ಆಂಪಿಯರ್ ಅವರ್ ಬ್ಯಾಟರಿ 11ರಿಂದ 13 ಕಿಲೊ ತೂಗುತ್ತದೆ, ಒಬ್ಬರೇ ಎತ್ತಬಹುದು. ಒಳಗೆ ತಂದಿಡುವುದು ಎಲ್ಲಕ್ಕಿಂತ ಒಳ್ಳೆಯದು. ಒಣಗಿದ, 5ರಿಂದ 20 ಡಿಗ್ರಿ ಸೆಲ್ಸಿಯಸ್ ಇರುವ, ಬಿಸಿಲು ಬೀಳದ ಕೋಣೆ ಸಾಕು. ಹೀಟರ್ ಪಕ್ಕ, ಒಲೆಯ ಹಿಂದೆ ಬೇಡ. ಮರದ ಹಲಗೆಯ ಮೇಲಿಡಿ, ಸುತ್ತ ಕಾಗದ, ಬಟ್ಟೆ, ಪೆಟ್ರೋಲ್ ಇರದಂತೆ ನೋಡಿಕೊಳ್ಳಿ. ಮಲಗುವ ಕೋಣೆಯನ್ನೂ ಹೊರಗೆ ಹೋಗುವ ದಾರಿಯನ್ನೂ ಬಿಟ್ಟು, ಹೊಗೆ ಅಲಾರಂ ಇರುವ ಕಡೆ ಇಡಿ. ಡಬ್ಬಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅಥವಾ ವಾಸನೆ ಬರುತ್ತಿದ್ದರೆ ಮನೆಯೊಳಗೆ ತರಲೇಬೇಡಿ, ಚಾರ್ಜ್ ಕೂಡ ಮಾಡಬೇಡಿ.

ವ್ಯಾನಿನಲ್ಲೇ ಬಿಡಬೇಕಾಗಿದ್ದರೆ

ಸೀಟಿನಡಿಯಲ್ಲಿ ಕೂರಿಸಿದ ದೊಡ್ಡ ಬ್ಯಾಟರಿಯನ್ನು ತೆಗೆಯಲಾಗದೆ ಇರಬಹುದು. ಆಗ ಎರಡೂ ಟರ್ಮಿನಲ್ ಬಿಚ್ಚಿ ಅಲ್ಲೇ ಬಿಡಿ. ಶೇಖರಣೆಗೆ ಎಷ್ಟು ಚಳಿ ಆಗಬಹುದೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಚಾರ್ಜ್ ಬರುವ ದಾರಿಗಳನ್ನೆಲ್ಲ ಮುಚ್ಚಿದ್ದೀರಾ ಎಂಬುದು ಇಲ್ಲಿ ದೊಡ್ಡ ಪ್ರಶ್ನೆ.

ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದಾಗ ಲಿಥಿಯಂ ಅಯಾನುಗಳು ಸೆಲ್‌ನ ನೆಗೆಟಿವ್ ಬದಿಯ ಗ್ರಾಫೈಟಿನ ಪದರಗಳೊಳಗೆ ಸೇರಿಕೊಳ್ಳಲಾರದೆ ಅದರ ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತವೆ. ಹಾಗೆ ಕೂತದ್ದರಲ್ಲಿ ಬಹುಪಾಲು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಲೋಹ ಮುಳ್ಳಿನಂತೆ ಬೆಳೆದರೆ ಒಳಗೇ ಶಾರ್ಟ್ ಆಗಬಹುದು. ಒಳ್ಳೆಯ ಬಿಎಂಎಸ್ ಚಳಿಯಲ್ಲಿ ಚಾರ್ಜನ್ನು ತಡೆಯುತ್ತದೆ, ಆದರೆ ಎಲ್ಲ ಬ್ಯಾಟರಿಯಲ್ಲೂ ಆ ಸೌಲಭ್ಯ ಇಲ್ಲ. ಹಿಮ ಕರಗಿದ ಒಂದು ಬಿಸಿಲಿನ ಬೆಳಗ್ಗೆ ಮೇಲಿನ ಪ್ಯಾನೆಲ್ ಎಚ್ಚೆತ್ತು, ಕೆಳಗೆ ಇನ್ನೂ ಮರಗಟ್ಟಿರುವ ಬ್ಯಾಟರಿಗೆ ಕರೆಂಟ್ ನೂಕಿದರೆ ಆಗುವುದು ಇದೇ. ಎಂಜಿನ್ ಕೆಡಬಾರದೆಂದು ನಡುವೆ ಹತ್ತು ನಿಮಿಷ ಸ್ಟಾರ್ಟ್ ಮಾಡಿದರೂ ಆಲ್ಟರ್ನೇಟರ್ ಕಡೆಯ ಚಾರ್ಜರ್ ಅದನ್ನೇ ಮಾಡುತ್ತದೆ. ಬ್ಯಾಟರಿ ಬಿಚ್ಚಿಟ್ಟಿದ್ದರೆ ಈ ಭಯವಿಲ್ಲ.

ಒಳಗೇ ಹೀಟರ್ ಇರುವ ಬ್ಯಾಟರಿಯಾದರೆ ಆ ಹೀಟರನ್ನು ಆಫ್ ಮಾಡಿ. ಕೆಲವು ಮಾದರಿಗಳಲ್ಲಿ ಹೀಟರ್ ಬ್ಯಾಟರಿಯ ಕರೆಂಟನ್ನೇ ತಿಂದು, ಕಾಪಾಡಬೇಕಾದದ್ದನ್ನೇ ಬರಿದು ಮಾಡುತ್ತದೆ. ಅಂದಹಾಗೆ, ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಇಂದಿಗೂ ಬಹುತೇಕ ಲೆಡ್ ಆಸಿಡ್ಡೇ. ಅದಕ್ಕೆ ಹಳೆಯ ನಿಯಮ: ಪೂರ್ತಿ ಚಾರ್ಜ್, ಜೊತೆಗೆ ಸಣ್ಣ ಚಾರ್ಜರ್.

ನಡುನಡುವೆ ನೋಡುವುದು

ಎರಡು ತಿಂಗಳಿಗೊಮ್ಮೆ ಮಲ್ಟಿಮೀಟರ್ ಹಿಡಿದು ವೋಲ್ಟ್ ಬರೆದಿಡಿ. 13.0ಕ್ಕಿಂತ ಮೇಲಿದ್ದರೆ ಮುಟ್ಟಬೇಡಿ. 12.8ಕ್ಕೆ ಇಳಿದಿದ್ದರೆ ಚಾರ್ಜ್ ಉಳಿದಿರುವುದು ಕಡಿಮೆ. ಬ್ಯಾಟರಿ ಬೆಚ್ಚಗಿರುವಾಗ ಮತ್ತೆ ಅರ್ಧಕ್ಕೆ ಏರಿಸಿ. ಏನೂ ಜೋಡಿಸದ ಬ್ಯಾಟರಿ ಎರಡೇ ತಿಂಗಳಲ್ಲಿ ಅಷ್ಟು ಇಳಿದರೆ ಸೆಲ್‌ನಲ್ಲೋ ಬಿಎಂಎಸ್‌ನಲ್ಲೋ ದೋಷವಿದೆ ಎಂದೇ ತಿಳಿಯಿರಿ.

ಮೀಟರ್ ಸೊನ್ನೆ ಅಥವಾ ಒಂದೆರಡು ವೋಲ್ಟ್ ತೋರಿಸಿದರೆ ಬ್ಯಾಟರಿ ಸತ್ತಿದೆ ಎಂದಲ್ಲ. ಬಿಎಂಎಸ್ ಸೆಲ್‌ಗಳನ್ನು ಉಳಿಸಲು ಬಾಗಿಲು ಹಾಕಿಕೊಂಡಿದೆ, ಸಾಮಾನ್ಯವಾಗಿ 10 ವೋಲ್ಟ್ ಆಸುಪಾಸಿನಲ್ಲಿ. ಲಿಥಿಯಂ ಬ್ಯಾಟರಿಯನ್ನು ಎಬ್ಬಿಸುವ ಸೌಲಭ್ಯವಿರುವ ಚಾರ್ಜರ್‌ನಿಂದ, ಕಡಿಮೆ ಆಂಪಿಯರ್‌ನಲ್ಲಿ, ಕಣ್ಣೆದುರೇ ಇಟ್ಟುಕೊಂಡು ಚಾರ್ಜ್ ಮಾಡಿ. ಆದರೆ ಹಾಗೆ ಮಲಗಿ ತಿಂಗಳುಗಳೇ ಕಳೆದಿದ್ದರೆ ಬಿಎಂಎಸ್ ಕೂಡ ಅಷ್ಟಷ್ಟು ತಿಂದು ಸೆಲ್‌ಗಳನ್ನು 2 ವೋಲ್ಟಿಗಿಂತ ಕೆಳಗೆ ಇಳಿಸಿರಬಹುದು. ತೀರಾ ಕೆಳಗಿಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗಬಹುದು, ಮತ್ತೆ ಚಾರ್ಜ್ ಮಾಡುವಾಗ ಒಳಗೆ ಶಾರ್ಟ್ ಆಗುವ ಸಾಧ್ಯತೆ ಇರುತ್ತದೆ. ಅಂಥದ್ದನ್ನು ಬಲ್ಲವರ ಕೈಗೆ ಕೊಡಿ. ಮನೆಯಲ್ಲಿ ಪ್ರಯೋಗ ಬೇಡ.

ಮತ್ತೆ ಜೋಡಿಸುವಾಗ

ತಣ್ಣಗಿನ ಜಾಗದಿಂದ ತಂದ ಬ್ಯಾಟರಿಯನ್ನು ಒಂದು ರಾತ್ರಿ ಬೆಚ್ಚಗಿನ ಕೋಣೆಯಲ್ಲಿ ಬಿಡಿ. ಹೊರಗಿನ ಡಬ್ಬಿ ಬೇಗ ಬೆಚ್ಚಗಾದರೂ ಒಳಗಿನ ಸೆಲ್‌ಗಳಿಗೆ ಗಂಟೆಗಟ್ಟಲೆ ಬೇಕು. ಟರ್ಮಿನಲ್ ಮೇಲೆ ಕೂತ ತೇವ ಆರಿದ ಮೇಲೆ ಪೂರ್ತಿ ಚಾರ್ಜ್ ಮಾಡಿ.

ಜೋಡಿಸುವ ಕ್ರಮ ತಿರುಗುಮುರುಗು: ಪಾಸಿಟಿವ್ ಮೊದಲು, ನೆಗೆಟಿವ್ ಆಮೇಲೆ, ಸೋಲಾರ್ ಪ್ಯಾನೆಲ್ ಕಟ್ಟಕಡೆಗೆ. ಬೋಲ್ಟ್‌ಗಳನ್ನು ಕೈಪಿಡಿಯಲ್ಲಿ ಹೇಳಿದ ಬಿಗಿಗೆ ತನ್ನಿ. ಸಡಿಲವಾದ ಕೇಬಲ್ ಭಾರೀ ಲೋಡ್‌ನಲ್ಲಿ ಕಾದು ಟರ್ಮಿನಲ್ಲನ್ನೇ ಕರಗಿಸುತ್ತದೆ. ದೊಡ್ಡ ಇನ್ವರ್ಟರ್ ಇದ್ದರೆ ಕೇಬಲ್ ತಾಗುವಾಗ ಕಿಡಿ ಹಾರಬಹುದು, ಒಮ್ಮೊಮ್ಮೆ ಬಿಎಂಎಸ್ ಅದನ್ನೇ ಶಾರ್ಟ್ ಎಂದು ತಿಳಿದು ಬಂದ್ ಆಗುತ್ತದೆ. ಇನ್ವರ್ಟರ್‌ನೊಳಗಿನ ಕೆಪ್ಯಾಸಿಟರ್‌ಗಳು ಒಮ್ಮೆಲೇ ತುಂಬಿಕೊಳ್ಳುವುದು ಇದಕ್ಕೆ ಕಾರಣ.

ಎರಡು ಬ್ಯಾಟರಿಗಳನ್ನು ಪ್ಯಾರಲಲ್ ಆಗಿ (ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಸೇರಿಸಿ) ಬಳಸುವವರು ಮಾತ್ರ ಇನ್ನೊಂದು ಕೆಲಸ ಮಾಡಬೇಕು. ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ವ್ಯತ್ಯಾಸ 0.1 ವೋಲ್ಟ್‌ನೊಳಗೆ ಬಂದ ಮೇಲೆಯೇ ಸೇರಿಸಿ. ಒಂದು ತುಂಬಿ ಇನ್ನೊಂದು ಬರಿದಾಗಿದ್ದರೆ ಸೇರಿಸಿದ ಕ್ಷಣ ಒಂದರಿಂದ ಇನ್ನೊಂದಕ್ಕೆ ಭಾರೀ ಕರೆಂಟ್ ನುಗ್ಗುತ್ತದೆ. ಷಂಟ್ ಮೀಟರ್ ಈ ನಡುವೆ ತನ್ನ ಲೆಕ್ಕ ಮರೆತಿರುತ್ತದೆ. ಪೂರ್ತಿ ಚಾರ್ಜ್ ಆದ ಹೊತ್ತಿಗೆ ಅದನ್ನು ಶೇ. 100ಕ್ಕೆ ಹೊಂದಿಸಿ, ಆಮೇಲೆ ಹೊರಡಿ.