ಎದೆ ತುಂಡೂ ರಸ ಬಿಡದ ಮೆಣಸಿನ ಕೋಳಿ

ನಮ್ಮ ತೀರ್ಥಹಳ್ಳಿ ಕಡೆ ಕಡುಬಿಗೆ ನಾಟಿ ಕೋಳಿ ಸಾರೇ ಆಗಬೇಕು. ಅದರ ಮಾಂಸ ಗಟ್ಟಿ, ಎಷ್ಟು ಕುದಿಸಿದರೂ ತಡೆಯುತ್ತದೆ. ಆದರೆ ವಾರದ ದಿನಗಳಲ್ಲಿ ಮನೆಗೆ ಬರುವುದು ಫಾರಂ ಕೋಳಿ ತಾನೇ? ಆರು ವಾರದ ಆಚೀಚೆ ಬೆಳೆದ ಎಳೆ ಮಾಂಸ. ಅದನ್ನೂ ನಾಟಿ ಕೋಳಿಯ ಹಾಗೆ ಕುದಿಸಿದರೆ ಎದೆ ತುಂಡು ಹತ್ತಿ ಅಗಿದ ಹಾಗಾಗುತ್ತದೆ.

ಕೆಲಸ ಶುರುವಾಗುವುದು ಅಂಗಡಿಯಲ್ಲೇ. ತುಂಡು ದೊಡ್ಡದಾಗಿರಲಿ, ಎದೆ ಭಾಗ ಬೇರೆ ಕಟ್ಟಿಕೊಡಿ ಅಂತ ಕೇಳುತ್ತೇನೆ. ಸಣ್ಣ ತುಂಡು ಬೇಗ ಒಣಗುತ್ತದೆ. ಮನೆಯಲ್ಲಿ ನಲ್ಲಿ ಕೆಳಗೆ ಹಿಡಿದು ತೊಳೆಯುವುದಿಲ್ಲ. ನೀರು ಸಿಡಿದು ಸಿಂಕ್, ಪಾತ್ರೆಗೆಲ್ಲ ರೋಗಾಣು ಹರಡುತ್ತದೆ, ಬೇಯಿಸಿದರೆ ಅದು ಹೇಗೂ ಸಾಯುತ್ತದೆ. ಹಿರಿಯರನ್ನು ಇದಕ್ಕೆ ಒಪ್ಪಿಸುವುದು ಮಾತ್ರ ಕಷ್ಟ!

ಮುಖ್ಯವಾದದ್ದು ಉಪ್ಪು. ಒಂದು ಕೆಜಿ ಮಾಂಸಕ್ಕೆ 12 ಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ ಪುಡಿ ಉಪ್ಪು. ಸ್ವಲ್ಪ ಅರಿಶಿನದ ಜೊತೆ ತಿಕ್ಕಿ, ಮುಚ್ಚಿ, ರಾತ್ರಿಯೇ ಫ್ರಿಜ್‌ನಲ್ಲಿ ಇಡುತ್ತೇನೆ. ಸಮಯವಿಲ್ಲದಿದ್ದರೆ ಒಂದು ಗಂಟೆಯಾದರೂ ಬೇಕು. ಮೊದಲು ಉಪ್ಪು ನೀರನ್ನು ಹೊರಗೆ ಎಳೆಯುತ್ತದೆ. ಆಮೇಲೆ ಅದೇ ನೀರಿನಲ್ಲಿ ಕರಗಿ ಒಳಗೆ ಇಳಿಯುತ್ತದೆ. ಮಾಂಸದ ಪ್ರೋಟೀನು ಸಡಿಲವಾಗಿ, ಬಿಸಿ ತಾಗಿದಾಗ ಅಷ್ಟು ಬಿಗಿಯಾಗಿ ಮುದುಡುವುದಿಲ್ಲ. ರಸ ಒಳಗೇ ಉಳಿಯುತ್ತದೆ. ಒಗ್ಗರಣೆಗೆ ಮತ್ತೆ ಉಪ್ಪು ಬೇಡ.

ಹುಳಿಯನ್ನು ರಾತ್ರಿಯೆಲ್ಲ ಹಾಕಿಡಬೇಡಿ, ಮಾಂಸ ಹಿಟ್ಟುಹಿಟ್ಟಾಗುತ್ತದೆ. ಒಲೆ ಆರಿಸಿದ ಮೇಲೆ ನಿಂಬೆ ಹಿಂಡಿದರೆ ಸಾಕು.

ದಪ್ಪ ತಳದ ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಕರಿಬೇವು ಬಾಡಿಸಿ ಮೊದಲು ಕಾಲು, ತೊಡೆ ಹಾಕುತ್ತೇನೆ. ನೀರು ಹಾಕುವುದಿಲ್ಲ. ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಇಟ್ಟರೆ ಕೋಳಿಯೇ ಸಾಕಷ್ಟು ನೀರು ಬಿಡುತ್ತದೆ. ತೊಡೆಯಲ್ಲಿ ನಾರಿನಂಥ ಅಂಶ ಜಾಸ್ತಿ, ಅದು ಕರಗಿ ಮೆತ್ತಗಾಗಲು ಹೊತ್ತು ಬೇಕು. ಎದೆಗೆ ಅದು ಬೇಕಿಲ್ಲ. ಹಾಗಾಗಿ ಎದೆ ತುಂಡು ಹಾಕುವುದು ಹದಿನೈದು ನಿಮಿಷದ ನಂತರ. ಆಮೇಲೆ ಎಂಟು ಹತ್ತು ನಿಮಿಷ. ಥರ್ಮಾಮೀಟರ್ ಇದ್ದರೆ ದಪ್ಪ ತುಂಡಿನ ನಡುವೆ ಚುಚ್ಚಿ ನೋಡಿ, 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಂದಿದೆ.

ಇಷ್ಟಾದ ಮೇಲೂ ಬಾಣಲೆಯಲ್ಲಿ ನೀರಿರುತ್ತದೆ. ಹೆಚ್ಚಿನವರು ಕೋಳಿ ಸಮೇತ ಇಂಗಿಸುತ್ತಾರೆ, ಒಣಗುವುದು ಅಲ್ಲೇ. ನಾನು ತುಂಡುಗಳನ್ನು ತಟ್ಟೆಗೆ ತೆಗೆದು, ಬರೀ ಮಸಾಲೆಯನ್ನು ದೊಡ್ಡ ಉರಿಯಲ್ಲಿ ಗಟ್ಟಿ ಮಾಡುತ್ತೇನೆ. ತಟ್ಟೆಯಲ್ಲಿ ಇಳಿದ ರಸವನ್ನೂ ಅದಕ್ಕೇ ಸುರಿಯುತ್ತೇನೆ, ಅದನ್ನು ಚೆಲ್ಲಲೇಬಾರದು. ಆಮೇಲೆ ಕೋಳಿ ಹಾಕಿ ಹೊರಳಿಸಿದರೆ ಆಯಿತು.

ಕಾಳುಮೆಣಸು ಅಡಿಕೆ ಮರಕ್ಕೆ ಹಬ್ಬಿದ ನಮ್ಮ ಬಳ್ಳಿಯದ್ದೇ. ಬೆಚ್ಚಗೆ ಹುರಿದು, ತರಿತರಿಯಾಗಿ ಕುಟ್ಟಿ, ಅರ್ಧ ಮಸಾಲೆಗೆ, ಅರ್ಧ ಇಳಿಸುವಾಗ. ಕುದಿದರೆ ಖಾರ ಉಳಿಯುತ್ತದೆ, ಘಮ ಹಾರಿಹೋಗುತ್ತದೆ, ಅಲ್ವಾ? ಅಕ್ಕಿ ರೊಟ್ಟಿಗೆ ಇದು ಬಹಳ ಚೆನ್ನ. ಉಳಿದರೆ ಮರುದಿನ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಹಬೆಯಲ್ಲೇ ಚೆನ್ನಾಗಿ ಬಿಸಿ ಮಾಡಿ.