ಹಳೆಯ ‘ಕಿಕರ್’ ಸಂಚಿಕೆಗಳನ್ನು ಕಾಪಾಡುವ ಬಗೆ

ವಾಲ್ಟರ್ ಬೆನ್ಸೆಮಾನ್ 1920ರಲ್ಲಿ ದಕ್ಷಿಣ ಜರ್ಮನಿಯ ಕೊನ್‌ಸ್ಟಾನ್ಸ್ ಪಟ್ಟಣದಲ್ಲಿ ಆರಂಭಿಸಿದ ಫುಟ್‌ಬಾಲ್ ಪತ್ರಿಕೆ ‘ಕಿಕರ್’ನ ಆ ಕಾಲದ ಸಂಚಿಕೆಯೊಂದು ನಿಮ್ಮ ಕೈಸೇರಿದ್ದರೆ, ಅದನ್ನು ಒಡನೆಯೇ ಬಿಡಿಸಿ ಓದುವ ಆತುರವನ್ನು ತಡೆದುಕೊಳ್ಳಿ. ಮರದ ತಿರುಳಿನ ಅಗ್ಗದ ಕಾಗದವು ಬೆಳಕು ಮತ್ತು ಗಾಳಿ ತಾಗಿದಂತೆ ಹಳದಿಗಟ್ಟಿ, ತನ್ನೊಳಗಿನ ಆಮ್ಲದಿಂದಲೇ ಸೊರಗುವುದರಿಂದ, ಮಡಿಕೆಯ ಗೆರೆಯಲ್ಲಿ ಹಾಳೆ ಹಪ್ಪಳದಂತೆ ಮುರಿಯುತ್ತದೆ. ತುಕ್ಕು ಹಿಡಿದ ಪಿನ್ನುಗಳಿದ್ದರೆ ಅವನ್ನು ಎಳೆಯದೆ, ಬಾಗಿದ ಕಾಲುಗಳನ್ನು ತೆಳುವಾದ ಚಪ್ಪಟೆ ಅಲಗಿನಿಂದ ನಿಧಾನವಾಗಿ ನೆಟ್ಟಗೆ ಮಾಡಿ, ಆಮೇಲೆ ಹೊರತೆಗೆಯಬೇಕು. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬಾರದು. ಲ್ಯಾಮಿನೇಷನ್ ಮಾಡಿಸುವುದಂತೂ ಪತ್ರಿಕೆಗೆ ಬಗೆಯುವ ದ್ರೋಹವೆಂದೇ ನನ್ನ ಅಭಿಪ್ರಾಯ. ಪುಟಗಳನ್ನು ಒಮ್ಮೆ ಸ್ಕ್ಯಾನ್ ಮಾಡಿಕೊಂಡು, ಮೂಲ ಪ್ರತಿಯನ್ನು ಆಮ್ಲರಹಿತ ಕಾಗದದ ಹೊದಿಕೆಯಲ್ಲಿ ಮಲಗಿಸಿಡಿ.

ಸಂಸ್ಥಾಪಕರನ್ನು ನೆನೆಯಲು ಅಭಿಮಾನಿಗಳು ಸೇರುವ ದಿನ, ಅವರ ಬರಹಗಳನ್ನು ಈ ಸ್ಕ್ಯಾನ್ ಪ್ರತಿಯಿಂದಲೇ ಓದಿಸಿ. ಯಹೂದಿಯಾಗಿದ್ದ ಬೆನ್ಸೆಮಾನ್ 1933ರಲ್ಲಿ ಪತ್ರಿಕೆಯನ್ನೂ ದೇಶವನ್ನೂ ತೊರೆಯಬೇಕಾಗಿ ಬಂದು, ಮರುವರ್ಷ ಸ್ವಿಟ್ಜರ್ಲೆಂಡಿನ ಮೋಂಟ್ರೋದಲ್ಲಿ ತೀರಿಕೊಂಡರು. ಆದ್ದರಿಂದ ಅವರ ಸಂಪಾದಕತ್ವದ ಸಂಚಿಕೆಗಳನ್ನು ನಂತರದವುಗಳೊಡನೆ ಬೆರೆಸದೆ ಬೇರೆ ಪೆಟ್ಟಿಗೆಯಲ್ಲಿಟ್ಟು, ಹೊದಿಕೆಯ ಮೇಲೆ ಸಂಚಿಕೆಯ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆಯಿರಿ.